ಬಾಗಿಲಲ್ಲ, ಒಲೆ

ಮೇ 22, 2025, ಗುರುವಾರ. ಕೊಟ್ಟೂರು

ಹೊಸಪೇಟೆ ಸಮಾವೇಶಕ್ಕೆ ಹೋಗಿ ಬಂದ ತಾಂಡಾದವರ ಬಾಯಲ್ಲಿ ಇನ್ನೂ ಅದೇ ಮಾತು. ಮೊನ್ನೆ 20ರಂದು ಅಲ್ಲಿ ರಾಜ್ಯದ 1,11,111 ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ತಾಂಡಾ, ಹಟ್ಟಿ, ಹಾಡಿಗಳಲ್ಲಿ ತಲೆಮಾರುಗಳಿಂದ ಇದ್ದೂ ಕಾಗದದಲ್ಲಿ ಇಲ್ಲದವರು ಈಗ ಕಂದಾಯ ಗ್ರಾಮದವರಾದರು. ಕಾಗದ ಸಿಕ್ಕವರ ಮುಖ ನೋಡಿ ನನಗೂ ಹಿಗ್ಗಾಯಿತು.

ಸಂಜೆ ನಮ್ಮ ಸಂಘದ ಮನೆಗೆ ಬಂದವರು ಕಾಗದ ಸಿಗದವರು. ಅವರೆಲ್ಲರದ್ದೂ ಒಂದೇ ಕೇಳಿಕೆ: “ನಮ್ಮ ಹೆಸರು ಯಾಕ ಬರ್ಲಿಲ್ಲ?” ಉತ್ತರ ಕೊಡಬೇಕಾದರೆ ನಮ್ಮ ಕೈಯಲ್ಲೊಂದು ಲೆಕ್ಕ ಇರಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ಕಡೆಯ ಸಂಘದವರು ಕೂಡಿ ಮನೆಮನೆ ತಿರುಗಿ ಮನೆ, ಜಾಗ, ಕಾಗದ ಇಲ್ಲದವರನ್ನು ಬರೆದುಕೊಳ್ಳುವುದೆಂದು ಇವತ್ತು ತೀರ್ಮಾನವಾಯಿತು.

ರಾತ್ರಿ ಹಳೆಯ ಅಂಕಿಗಳನ್ನು ಹುಡುಕುತ್ತ ಕೂತೆ. ಕಡೆಯ ಜನಗಣತಿ 2011ರದ್ದು. ಆಗ ವಿಜಯನಗರ ಎಂಬ ಜಿಲ್ಲೆಯೇ ಇರಲಿಲ್ಲ. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನ ಒಳಗೇ ಇತ್ತು, ಹರಪನಹಳ್ಳಿ ದಾವಣಗೆರೆಯ ಪುಟದಲ್ಲಿತ್ತು. ಈ ಐದು ತಾಲ್ಲೂಕುಗಳು ಒಟ್ಟಿಗೆ ನಿಲ್ಲುವ ಒಂದು ಕೋಷ್ಟಕವೂ ಅದರಲ್ಲಿಲ್ಲ.

ಮೇ 27, ಮಂಗಳವಾರ. ಹರಪನಹಳ್ಳಿ

ತಾಂಡಾದ ಹಿರಿಯರೊಬ್ಬರು ತಗಡಿನ ಪೆಟ್ಟಿಗೆ ತೆರೆದು ಕಾಗದಗಳನ್ನು ಚಾಪೆಯ ಮೇಲೆ ಹರಡಿದರು. ಹಳೆಯ ಪಡಿತರ ಚೀಟಿಯ ಮೇಲೆ ಬಳ್ಳಾರಿ ಜಿಲ್ಲೆ. ಮನೆ ಕಂದಾಯದ ರಸೀದಿಗಳ ಮೇಲೆ ದಾವಣಗೆರೆ. ಮಗನ ಜಾತಿ ಪ್ರಮಾಣಪತ್ರದ ಮೇಲೆ ವಿಜಯನಗರ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ತಾಲ್ಲೂಕು ಅಲ್ಲಿಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ಜಿಲ್ಲೆಗೆ ಬಂತು. ಅಷ್ಟು ವರ್ಷವೂ ಅವರು ಅದೇ ಬೇವಿನ ಮರದ ಬುಡದ ಮನೆಯಲ್ಲೇ ಇದ್ದರು. ಕಚೇರಿಯಲ್ಲಿ ಮಾತ್ರ “ಹಳೇ ಫೈಲು ಆ ಜಿಲ್ಲೆಯಲ್ಲಿರಬೇಕು” ಎಂಬ ಉತ್ತರ. ನಮ್ಮ ನಮೂನೆಯಲ್ಲಿ ಇಂಥ ಕಾಗದಗಳಿಗೇ ಒಂದು ಅಂಕಣ ಸೇರಿಸಿದೆವು: ಯಾವ ಕಾಗದ, ಯಾವ ವರ್ಷದ್ದು, ಯಾರ ಮೊಹರು. ಒಂದೊಂದಕ್ಕೂ ಫೋಟೊ.

ಪಕ್ಕದ ಹೆಣ್ಣುಮಗಳು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ಹಿಂದೊಮ್ಮೆ ಮನೆ ಇಲ್ಲದವರ ಹೆಸರು ಬರೆದುಕೊಳ್ಳಲು ಯಾರೋ ಬಂದಿದ್ದರಂತೆ. “ನಾವು ಕಬ್ಬು ಕಡಿಯಾಕ ಹೋಗಿದ್ವಿ. ಬೀಗ ನೋಡಿ ಹೊಳ್ಳಿ ಹೋಗ್ಯಾರ.” ದೀಪಾವಳಿ ಮುಗಿಯುತ್ತಲೇ ಕಬ್ಬಿಗೆ, ಕಾಫಿ ತೋಟಕ್ಕೆ ಗುಳೆ ಹೊರಡುವವರು ಊರಲ್ಲಿ ಸಿಗುವುದೇ ಮುಂಗಾರಿನ ಹೊತ್ತಿಗೆ. ಚಳಿಗಾಲದಲ್ಲಿ ಸಮೀಕ್ಷೆ ಇಟ್ಟರೆ ಎಲ್ಲರಿಗಿಂತ ಬಡವರೇ ತಪ್ಪಿಹೋಗುತ್ತಾರೆ. ಇದನ್ನು ನಾವು ಕೊಡುವ ಮನವಿಯ ಮೊದಲ ಸಾಲಿನಲ್ಲೇ ಬರೆಯಬೇಕು.

ಜೂನ್ 2, ಸೋಮವಾರ. ಕೂಡ್ಲಿಗಿ ತಾಲ್ಲೂಕು

ಇವತ್ತು ಹೊಕ್ಕ ಮನೆಯನ್ನು ವಿವರವಾಗಿ ಬರೆದಿಡಬೇಕು.

ಮಣ್ಣಿನ ಮಾಳಿಗೆ ಮನೆ. ಗೋಡೆ ಮೊಳದಷ್ಟು ದಪ್ಪ. ಬೇಸಿಗೆಯಲ್ಲೂ ಒಳಗೆ ತಂಪು. ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ನೆಲಕ್ಕೆ ಬೀಳುತ್ತಿತ್ತು. ಜಂತಿಗಳಲ್ಲಿ ಎರಡು ಗೆದ್ದಲು ಹಿಡಿದು ಬಾಗಿವೆ, ಅವಕ್ಕೆ ಜಾಲಿ ಗೂಟ ಆನಿಸಿದ್ದಾರೆ. ಮಾಳಿಗೆಗೆ ಪ್ರತಿ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿಸಬೇಕು. ಅದಕ್ಕೆ ಕೂಲಿ ಕೊಡಲಾಗದೆ ಈ ಸಲ ಪ್ಲಾಸ್ಟಿಕ್ ತಾಡಪಾಲು ಹೊದಿಸಿ ಕಲ್ಲು ಹೇರಿದ್ದಾರೆ. ಬಾಗಿಲ ಮೇಲೆ ಪಂಚಾಯಿತಿಯ ಒಂದು ನಂಬರು. ಒಳಗೆ ಮೂರು ಒಲೆ: ಅವ್ವನದ್ದು, ಹಿರಿಯ ಮಗನದ್ದು, ಕಿರಿಯ ಮಗನದ್ದು. ನಡುವೆ ಸೀರೆಯ ಪರದೆ, ಆಚೆಗೆ ಜೋಳದ ಚೀಲಗಳ ಗೋಡೆ. ಮೂರು ಪಡಿತರ ಚೀಟಿ, ಮೂರು ಸಂಸಾರ. ದಾಖಲೆಯಲ್ಲಿ ಮಾತ್ರ ತೀರಿಹೋದ ತಂದೆಯ ಹೆಸರಿನ ಒಂದು ಮನೆ. ಆದ್ದರಿಂದ ಇಲ್ಲಿ “ಮನೆ ಇಲ್ಲದವರು” ಯಾರೂ ಇಲ್ಲ!

ಕಿರಿಯ ಸೊಸೆ ತನ್ನ ಒಲೆ ತೋರಿಸಿ, “ಅಕ್ಕಾ, ಇದನ್ನ ಬರ್ಕೋರಿ” ಅಂದಳು. ಇಂದಿನಿಂದ ನಮ್ಮ ಲೆಕ್ಕ ಬಾಗಿಲಿನದ್ದಲ್ಲ, ಒಲೆಯದ್ದು.

ಇನ್ನೂ ಒಂದು ತೊಡಕಿದೆ. ವಸತಿ ರಹಿತರ ಪಟ್ಟಿ ಬೇರೆ, ನಿವೇಶನ ರಹಿತರ ಪಟ್ಟಿ ಬೇರೆ. ಬಸವ ವಸತಿ ಯೋಜನೆಯಡಿ ಮನೆ ಕಟ್ಟಿಕೊಳ್ಳಲು ಜಾಗದ ಕಾಗದ ಬೇಕು. ಆ ಸೊಸೆಗೆ ಜಾಗವಿಲ್ಲ. ಅವಳ ಹೆಸರು ಮೊದಲು ನಿವೇಶನದ ಪಟ್ಟಿಗೆ ಬರಬೇಕು. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡಿರುವ ಪಕ್ಕದ ಓಣಿಯವರದ್ದು ಭೂ ಕಂದಾಯ ಕಾಯ್ದೆಯ 94 ಸಿ ಅರ್ಜಿ. ತಾಂಡಾದವರದ್ದು 94 ಡಿ. ಒಬ್ಬೊಬ್ಬರಿಗೂ ಯಾವ ಬಾಗಿಲು ತಟ್ಟಬೇಕೆಂದು ಬಿಡಿಸಿ ಬರೆಯದಿದ್ದರೆ “ಮನೆ ಕೊಡಿ” ಎಂಬ ಮನವಿ ಮೇಜಿನಿಂದ ಮೇಜಿಗೆ ಅಲೆಯುತ್ತಲೇ ಇರುತ್ತದೆ.

ಜೂನ್ 5, ಗುರುವಾರ. ಹಗರಿಬೊಮ್ಮನಹಳ್ಳಿ

ಮಳೆ. ಹೊರಗೆ ಹೋಗಲಾಗಲಿಲ್ಲ. ಬರೆದದ್ದನ್ನೆಲ್ಲ ಸಂಘದ ಹುಡುಗಿಯರು ಕಂಪ್ಯೂಟರಿಗೆ ಹಾಕಿದರು.

ಮುಂಬೈಯ ಕಥೆಯನ್ನು ಅವರಿಗೆ ಹೇಳಿದೆ. 1985ರಲ್ಲಿ ಓಲ್ಗಾ ಟೆಲ್ಲಿಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಜೀವನೋಪಾಯವೂ ಬದುಕುವ ಹಕ್ಕಿನ ಭಾಗವೆಂದಿತು, ಆದರೆ ಫುಟ್‌ಪಾತಿನಲ್ಲಿ ಉಳಿಯುವ ಹಕ್ಕನ್ನು ಕೊಡಲಿಲ್ಲ. ಅದೇ ವರ್ಷ ಸ್ಪಾರ್ಕ್ ಸಂಸ್ಥೆಯವರು ಫುಟ್‌ಪಾತಿನ ಹೆಣ್ಣುಮಕ್ಕಳ ಜೊತೆ ಸೇರಿ ಸುಮಾರು 6,000 ಕುಟುಂಬಗಳನ್ನು ಎಣಿಸಿದರು. ಅಲ್ಲಿಯವರೆಗೆ ಅವರು ಯಾವ ಕೊಳೆಗೇರಿಯ ಪಟ್ಟಿಯಲ್ಲೂ ಇರಲಿಲ್ಲ. ಎಣಿಸಿದವರು ಹೊರಗಿನವರಷ್ಟೇ ಆಗಿರಲಿಲ್ಲ, ಎಣಿಕೆಗೆ ಸಿಕ್ಕವರೂ ಅದರಲ್ಲಿದ್ದರು. ನನಗೆ ಅದರಲ್ಲಿ ಹಿಡಿಸಿದ್ದೇ ಇದು. ಒಬ್ಬಳು ಕೇಳಿದಳು, “ಹಂಗಾದ್ರ ನಮ್ಮ ಪಟ್ಟಿ ಯಾರ ಹತ್ರ ಇರಬೇಕು?” ಒಂದು ಪ್ರತಿ ಆಯಾ ಓಣಿಯಲ್ಲೇ ಇರಬೇಕು ಎಂದು ಎಲ್ಲರೂ ಒಪ್ಪಿದರು.

ಜೂನ್ 11, ಬುಧವಾರ. ಹಡಗಲಿ ತಾಲ್ಲೂಕು

ಇಲ್ಲಿಯ ಸಭೆಯಲ್ಲಿದ್ದವರು ಹೆಚ್ಚಾಗಿ ಮಾಜಿ ದೇವದಾಸಿಯರು ಮತ್ತು ಅವರ ಮಕ್ಕಳು. ಮುತ್ತು ಕಟ್ಟುವುದನ್ನು ನಿಷೇಧಿಸಿದ ಕಾಯ್ದೆ 1982ರದ್ದು. ಆಮೇಲೆ 1993-94ರಲ್ಲಿ ಒಮ್ಮೆ, 2007-08ರಲ್ಲಿ ಮತ್ತೊಮ್ಮೆ ಸಮೀಕ್ಷೆ ನಡೆದು ರಾಜ್ಯದಲ್ಲಿ 46,660 ಮಹಿಳೆಯರ ಹೆಸರು ದಾಖಲಾಯಿತು. ಮಾಸಾಶನ, ಮನೆ, ಸಾಲ ಎಲ್ಲವೂ ಆ ಪಟ್ಟಿಯವರಿಗೆ. ಆಗ ಊರಲ್ಲಿಲ್ಲದವರು, ಹೇಳಿಕೊಳ್ಳಲು ಅಂಜಿದವರು ಹೊರಗುಳಿದರು. ಮರುಸಮೀಕ್ಷೆ ಮಾಡಿ ಎಂದು ಸಂಘಟನೆಗಳು ಕೇಳುತ್ತಲೇ ಬಂದಿವೆ. ನ್ಯಾಯವಾದ ಬೇಡಿಕೆ ಅದು.

ನಮ್ಮ ನಮೂನೆಯಲ್ಲೂ “ಮಾಜಿ ದೇವದಾಸಿ” ಎಂಬ ಅಂಕಣ ಇಡೋಣವೆಂದು ಕೆಲವರು ಹೇಳಿದರು. ಆಗ ಪದವಿ ಓದುತ್ತಿರುವ ಮಗಳೊಬ್ಬಳು ಎದ್ದು ನಿಂತಳು. “ಮನೀ ಬೇಕ್ರಿ. ಆದ್ರ ಗ್ರಾಮಸಭಾದಾಗ ಮೈಕಿನ್ಯಾಗ ನಮ್ಮವ್ವನ ಹೆಸರಿನ ಮುಂದ ಅದನ್ನ ಓದಬ್ಯಾಡ್ರಿ.” ಆಕೆಯ ತಾಯಿ ಮಾತ್ರ, “ನಾ ಯಾಕ ಮುಚ್ಚಿಡ್ಲಿ? ನಾಚಿಕಿ ಆಗಬೇಕಾದ್ದು ಕಟ್ಟಿದವರಿಗೆ” ಎಂದರು. ಇಬ್ಬರ ಮಾತೂ ನಿಜವೇ.

ಬಹಳ ಹೊತ್ತು ಚರ್ಚೆಯಾಯಿತು. ಕಡೆಗೆ ಹೀಗೆ ಗೊತ್ತು ಮಾಡಿದೆವು: ಸಭೆಯಲ್ಲಿ ಓದುವ ಪಟ್ಟಿಯಲ್ಲಿ “ಒಂಟಿ ಮಹಿಳೆಯ ಕುಟುಂಬ” ಎಂದಷ್ಟೇ ಇರಲಿ. ಆ ವಿವರ ಬೇಕಾದ ಅರ್ಜಿ ಪ್ರತ್ಯೇಕ ಹಾಳೆಯಲ್ಲಿ, ಸಂಬಂಧಪಟ್ಟ ಮಹಿಳೆಯ ಕೈಗೇ. ಕೊಡುವುದು ಬಿಡುವುದು ಆಕೆಗೆ ಸೇರಿದ್ದು. ಲೆಕ್ಕ ಎಷ್ಟೇ ಬಲವಾಗಲಿ, ಒಬ್ಬರ ಮಾನದ ಮೇಲೆ ನಿಂತರೆ ನನಗದು ಬೇಡ.

ಜೂನ್ 17, ಮಂಗಳವಾರ. ಕೊಟ್ಟೂರು

ಜನಗಣತಿಯ ಅಧಿಸೂಚನೆ ನಿನ್ನೆ ಹೊರಬಿದ್ದಿದೆ. 2027ರ ಮಾರ್ಚ್ 1ರ ಲೆಕ್ಕ. ಅದಕ್ಕೂ ಮುಂಚೆ ಮನೆಗಳ ಪಟ್ಟಿ ಮಾಡಲು ಬರುತ್ತಾರೆ. ಒಂದೇ ಛಾವಣಿಯಡಿ ಬೇರೆ ಬೇರೆ ಒಲೆಯಿದ್ದರೆ ಬೇರೆ ಕುಟುಂಬವೆಂದೇ ಬರೆಸಬೇಕು. ಇದನ್ನು ಈಗಿನಿಂದಲೇ ಓಣಿ ಓಣಿಯಲ್ಲಿ ಹೇಳಲು ಶುರುಮಾಡಿದ್ದೇವೆ.

ಇವತ್ತು ಪಟ್ಟಿಯನ್ನು ಓಣಿಯವರಿಗೇ ಓದಿ ಹೇಳಿದೆವು. ಬಿಟ್ಟುಹೋಗಿದ್ದ ಇಬ್ಬರನ್ನು ಅವರೇ ನೆನಪಿಸಿದರು. ಪೇಟೆಯಲ್ಲಿ ಆರ್‌ಸಿಸಿ ಮನೆ ಇರುವ ಒಬ್ಬರ ಹೆಸರನ್ನು ಎಲ್ಲರೆದುರಿಗೇ ತೆಗೆಸಿದರು. ಅವರೂ ಬೇಸರಪಡದೆ ಒಪ್ಪಿಕೊಂಡರು.

ಗ್ರಾಮಸಭೆಯಲ್ಲಿ ಕೇಳಬೇಕಾದ್ದು: ಫಲಾನುಭವಿಗಳ ಆಯ್ಕೆ ಸಭೆಯಲ್ಲೇ ಆಗಲಿ, ಆಯ್ಕೆಯಾಗದವರ ಹೆಸರು ಮತ್ತು ಕಾರಣವನ್ನೂ ನೋಟಿಸ್ ಬೋರ್ಡಿಗೆ ಹಾಕಲಿ, ನಿವೇಶನಕ್ಕೆ ಸರ್ಕಾರಿ ಜಾಗ ಎಲ್ಲಿದೆ ಎಂದು ಸರ್ವೆ ನಂಬರು ಸಮೇತ ತಿಳಿಸಲಿ. ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಮಾಡಿಸದೆ ಏಳಬಾರದು. ಕೂಡ್ಲಿಗಿಯ ಆ ಸೊಸೆ ತನ್ನ ಓಣಿಯ ಪಟ್ಟಿಯನ್ನು ತಾನೇ ಓದುತ್ತೇನೆಂದು ಫೋನ್ ಮಾಡಿದ್ದಳು. ಅವಳಿಗೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ ಪ್ರತಿಯನ್ನು ನಾಳೆಯ ಮೊದಲ ಬಸ್ಸಿಗೇ ಕಳಿಸಬೇಕು.