ಕನ್ನಡಿಯೊಳಗಿನ ಕೋಣೆ

ಪಾನಗೃಹವೆಂಬ ಮಾತು ಕಿವಿಗೆ ಬಿದ್ದೊಡನೆ ಮೂಗು ಮುರಿಯುವ ಸದ್ಗೃಹಸ್ಥರುಂಟು. ಅಂಥವರೂ ವಿಯೆನ್ನಾ ನಗರದ ‘ಅಮೆರಿಕನ್ ಬಾರ್’ ಹೊಕ್ಕು, ಏನನ್ನೂ ಕುಡಿಯದೆ, ಒಮ್ಮೆ ತಲೆಯೆತ್ತಿ ನೋಡಿ ಬಂದರೆ ಅವರ ವ್ರತಕ್ಕೇನೂ ಭಂಗ ಬಾರದು. ಕೆರ್ಟ್ನರ್ ಬೀದಿಯ ಬದಿಯ ಕಿರುಗಲ್ಲಿಯಲ್ಲಿರುವ ಇದನ್ನು 1908ರಲ್ಲಿ ರಚಿಸಿದವನು ವಾಸ್ತುಶಿಲ್ಪಿ ಅಡಾಲ್ಫ್ ಲೋಸ್.

ಲೋಸ್ ಕಲ್ಲುಕುಟಿಗನ ಮಗ. 1893ರಲ್ಲಿ ಅಮೆರಿಕೆಗೆ ತೆರಳಿ, ಸಣ್ಣಪುಟ್ಟ ಕೆಲಸಗಳಿಂದ ಹೊಟ್ಟೆ ಹೊರೆದುಕೊಂಡು, 1896ರಲ್ಲಿ ಮರಳಿದನು. ಒಂದು ಬಟ್ಟಲು ಕಾಫಿಯ ಮುಂದೆ ವೃತ್ತಪತ್ರಿಕೆ ಹಿಡಿದು ಗಂಟೆಗಟ್ಟಲೆ ಕೂರುವ ವಿಯೆನ್ನಾದ ಜನಕ್ಕೆ, ಕಟ್ಟೆಗೊರಗಿ ನಿಂತು ಕುಡಿದು ಹೊರಡುವ ಅಮೆರಿಕದ ರೀತಿಯನ್ನು ತೋರಿಸಹೊರಟನು. ದೊರೆತ ಸ್ಥಳವಾದರೋ ಸುಮಾರು 27 ಚದರ ಮೀಟರ್ ಮಾತ್ರ!

ಇಕ್ಕಟ್ಟೇ ಅವನ ಜಾಣ್ಮೆಯನ್ನು ಕೆಣಕಿತು. ಗೋಡೆಗಳಿಗೆ ಆಳೆತ್ತರ ಮೀರುವಂತೆ ಮಹಾಗನಿ ಮರವನ್ನು ಹೊದಿಸಿ, ಅದರ ಮೇಲೆ ಕನ್ನಡಿಗಳನ್ನು ಕೂರಿಸಿದನು. ಚೌಕಚೌಕವಾಗಿ ತಗ್ಗುಬಿಟ್ಟ ಅಮೃತಶಿಲೆಯ ಚಾವಣಿ ಅವುಗಳಲ್ಲಿ ಪ್ರತಿಫಲಿಸಿ ಮುಂದೆ ಮುಂದೆ ಸಾಗುತ್ತದೆ. ತನ್ನ ಮುಖ ಕಂಡಿದ್ದರೆ ಅದು ಕನ್ನಡಿಯೆಂದು ಅತಿಥಿಗೆ ತಿಳಿದುಬಿಡುತ್ತಿತ್ತು. ಕಾಣದಿರುವುದರಿಂದ, ಮರದ ತಡಿಕೆಯಾಚೆ ಇನ್ನಷ್ಟು ಕೋಣೆಗಳಿವೆಯೆಂದು ಕಣ್ಣು ನಂಬುತ್ತದೆ. ಬಾಗಿಲ ಮೇಲಿನ ಓನಿಕ್ಸ್ ಶಿಲೆಯ ತೆಳುಹಲಗೆಗಳಿಂದ ಹೊಂಬೆಳಕು ಸೋಸಿಬರುತ್ತದೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬ ಗಾದೆ ಇಲ್ಲಿ ಸಾರ್ಥಕವಾಗಿದೆ.

ಆದರೆ ಒಂದು ಸಂದೇಹ. ಅಗ್ಗದ ಮರಕ್ಕೆ ಬೆಲೆಬಾಳುವ ಮರದ ಬಣ್ಣ ಬಳಿಯುವುದು ಸುಳ್ಳೆಂದು 1898ರಲ್ಲಿಯೇ ಬರೆದವನು ಲೋಸ್. ಅಲಂಕಾರವನ್ನು ಅಪರಾಧಕ್ಕೆ ಹೋಲಿಸಿದವನೂ ಅವನೇ. ಅಂಥವನು ಇಲ್ಲದ ಕೋಣೆಯನ್ನು ಇದೆಯೆಂದು ತೋರಿಸಬಹುದೇ? ಬಹುದು. ಕನ್ನಡಿ ತಾನು ಕನ್ನಡಿಯಲ್ಲವೆಂದು ಎಲ್ಲಿಯೂ ಹೇಳುವುದಿಲ್ಲ. ಮರ ಮರವೇ, ಶಿಲೆ ಶಿಲೆಯೇ. ಕನ್ನಡಿಯೊಳಗಿನ ಗಂಟು ಕೈಗೆ ದಕ್ಕದಿದ್ದರೂ, ಕನ್ನಡಿಯೊಳಗಿನ ಕೋಣೆಯಿಂದ ಮನಸ್ಸು ಹಿಗ್ಗುತ್ತದೆ.

ಇಂದು ಲೋಕದ ಅನೇಕ ನಗರಗಳಲ್ಲಿ ಹಳೆಯ ಕಾಲದ ಸೊಗಸಿನ ಉಪಾಹಾರ-ಪಾನಗೃಹಗಳು ಏಳುತ್ತಿವೆ. ಹೊಸ ಇಟ್ಟಿಗೆಯನ್ನು ಕೆರೆದು ಹಳತಾಗಿಸುತ್ತಾರೆ. ಹೊಸ ಹಿತ್ತಾಳೆಗೆ ಕಿಲುಬು ಹಿಡಿಸುತ್ತಾರೆ. ಯಾರದೋ ತಾತನ ಭಾವಚಿತ್ರವನ್ನು ಗೋಡೆಗೆ ತೂಗಹಾಕುತ್ತಾರೆ. ಹುಟ್ಟುವಾಗಲೇ ನರೆಗೂದಲು ಬಯಸುವ ಕೂಸುಗಳಿವು! ಲೋಸ್ ತನ್ನ ಕೋಣೆಗೆ ಮುಪ್ಪನ್ನು ಬಯಸಲಿಲ್ಲ. 1908ರಲ್ಲಿ ಅದು ಹೊಚ್ಚ ಹೊಸದಾಗಿತ್ತು. ಒಳ್ಳೆಯ ಸಾಮಗ್ರಿ, ಒಳ್ಳೆಯ ಅಳತೆಗಳಿಂದಾಗಿ ಬಾಳಿತು; 1989ರಲ್ಲಿ ಜೀರ್ಣೋದ್ಧಾರವನ್ನೂ ಪಡೆಯಿತು. ಹಳೆತನವನ್ನು ಅಂಗಡಿಯಿಂದ ಕೊಂಡು ತರಲಾಗದು. ಇಂದಿನದನ್ನು ಪ್ರಾಮಾಣಿಕವಾಗಿ ಮಾಡಿಟ್ಟರೆ, ಉಳಿದುದನ್ನು ಕಾಲವೇ ನೋಡಿಕೊಳ್ಳುತ್ತದೆ.