ಯಾದಗಿರಿ ಗಂಜ್: ಏರಿದ್ದೂ ಇಳಿದದ್ದೂ

ಯಾದಗಿರಿಗೆ ಕಡಲಿಲ್ಲ. ಆದರೂ ಶಹಾಪುರ, ಸುರಪುರ ಸೀಮೆಯ ಮಾಲಿಗೆ ಬಹಳ ಕಾಲ ಇದೇ ಬಂದರು. 1871ರಲ್ಲಿ ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಆ ದಾರಿಯಲ್ಲಿದ್ದ ಯಾದಗಿರಿಯಲ್ಲಿ ರೈಲು ನಿಲ್ಲತೊಡಗಿತು. ಅದಕ್ಕೂ ಮೊದಲು ಈ ಸೀಮೆಯಲ್ಲಿ ದೊಡ್ಡ ಹೆಸರು ಸುರಪುರದ್ದೇ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದುಬಿತ್ತು, ಆಮೇಲೆ ಸಂಸ್ಥಾನ ನಿಜಾಮರ ಕೈಸೇರಿತು. ಅರಮನೆಯ ಊರು ಹಿಂದೆ ಬಿತ್ತು, ಸ್ಟೇಷನ್ನಿನ ಊರು ಮುಂದೆ ಬಂತು.

ನಮ್ಮಪ್ಪ ಗಂಜಿನ, ಅಂದರೆ ಇಲ್ಲಿನ ಮಾರುಕಟ್ಟೆಯ, ಒಂದು ಅಡತ್ (ಕಮಿಷನ್) ಅಂಗಡಿಯಲ್ಲಿ ಗುಮಾಸ್ತ. ಎಪ್ಪತ್ತರ ದಶಕದಲ್ಲಿ ಶಾಲೆ ಬಿಟ್ಟ ಮೇಲೆ ನಾನೂ ಅಲ್ಲೇ ಗಾದಿಯ ಪಕ್ಕ ಕೂತು ಚೀಟಿ ಬರೆಯಲು ಕಲಿತೆ. ಸುಗ್ಗಿಯಲ್ಲಿ ಶಹಾಪುರ ಕಡೆಯ ಬಂಡಿಗಳು ರಾತ್ರಿಯೇ ಹೊರಟು, ಭೀಮಾ ಸೇತುವೆ ದಾಟಿ, ನಸುಕಿಗೆ ಗಂಜ್ ಮುಟ್ಟುತ್ತಿದ್ದವು. ಹತ್ತಿಯ ಖರೀದಿದಾರ ಅಂಡಿಗೆಯೊಳಗೆ ಮೊಳಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ಕಿತ್ತು ತರುತ್ತಿದ್ದ. ಎರಡೂ ಹೆಬ್ಬೆರಳುಗಳ ನಡುವೆ ಅದನ್ನು ಎಳೆದೆಳೆದು, ಉಳಿದ ಎಳೆಯನ್ನು ಕರಿ ಕೋಟಿನ ತೋಳ ಮೇಲಿಟ್ಟು ಉದ್ದ ನೋಡುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ. ರೈತ ಮಾತ್ರ ಅವನ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದ. ಮುಂಬೈಯಿಂದ ಟ್ರಂಕ್ ಕಾಲ್ ಬಂದ ಮೇಲೆಯೇ ಸವಾಲು ಶುರು.

ತೂಕ ಮುಗಿದ ಮೇಲೆ ಪಟ್ಟಿ ಬರೆಯುವ ಕೆಲಸ ನನ್ನದು. ಕಮಿಷನ್, ಹಮಾಲಿ, ತೂಕದ ಖರ್ಚು, ಸೂಟು, ಧರ್ಮಾದಾಯ, ಹಳೆಯ ಉದ್ರಿ, ಅದರ ಬಡ್ಡಿ ಎಲ್ಲ ಕಳೆದು ಕೆಳಗೆ ಗೆರೆ ಎಳೆದಾಗ, ಎಷ್ಟೋ ಸಲ ರೈತನ ಕೈಗೆ ಹೋಗುತ್ತಿದ್ದದ್ದು ಬೀಜಕ್ಕೆ ಸಾಲುವಷ್ಟು ಮಾತ್ರ. “ಇದ್ಯಾಕ ಇಷ್ಟ್ ಕಮ್ಮಿ ಆತು, ಧಣಿ?” ಎಂದು ಕೇಳಿದರೆ ಸಾವ್ಕಾರರು, “ಮುಂಬೈದಾಗ ರೇಟ್ ಬಿದ್ದದ, ನಾ ಏನ್ ಮಾಡ್ಲಿ ಯಪ್ಪಾ?” ಎನ್ನುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಜಿನ್ನಿಂಗ್ ಮಿಲ್ಲಿನಲ್ಲಿ ಕಾಳು ಬಿಡಿಸಿ, ಬೇಲು ಕಟ್ಟಿ, ವ್ಯಾಗನ್ ತುಂಬಿಸುವವರೆಗಷ್ಟೇ ನಮ್ಮ ಊರಿನ ಕೆಲಸ. ನೂಲು ಆಗುವುದೂ ಬಟ್ಟೆ ಆಗುವುದೂ ಬೇರೆಲ್ಲೋ.

1972ರ ಬರದಲ್ಲಿ ಗಂಜ್ ಬಿಕೋ ಎಂದಿತು. ಬಂಡಿ ಹೊಡೆದುಕೊಂಡು ಬರುತ್ತಿದ್ದವರೇ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವುದನ್ನು ಕಂಡೆ. ಆಗ ಎಲ್ಲರ ಬಾಯಲ್ಲೂ ಕೃಷ್ಣೆಯ ಮಾತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟಿದ್ದರು. ನಾರಾಯಣಪುರದ ಬಸವಸಾಗರ ಮುಗಿದದ್ದು 1982ರಲ್ಲಿ. ಎಡದಂಡೆ ಕಾಲುವೆಗೆ ನೀರು ಬಂತು, ನೀರಿನ ಹಿಂದೆ ಆಂಧ್ರದ ರೈತರೂ ಬಂದರು. ನಮ್ಮವರು ಕಡಿಮೆ ದರಕ್ಕೆ ಮಾರಿದ, ಲೀಜಿಗೆ ಕೊಟ್ಟ ಕರಿನೆಲವನ್ನು ಅವರು ಮಡಿ ಕಟ್ಟಿ ಗದ್ದೆ ಮಾಡಿದರು. ಊರ ಪಕ್ಕ ಅವರ ಕ್ಯಾಂಪುಗಳು ಎದ್ದವು. ಹುಣಸಗಿ, ಸುರಪುರ, ಶಹಾಪುರದ ದಾರಿಗಳಲ್ಲಿ ಟ್ರ್ಯಾಕ್ಟರ್ ಷೋರೂಮು, ಗೊಬ್ಬರದ ಅಂಗಡಿ, ರೈಸ್ ಮಿಲ್ಲು ಸಾಲುಗಟ್ಟಿದವು.

ಈ ಕಾಲುವೆಯ ಲೆಕ್ಕ ಹಾಕಿದ್ದು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಮೇಲಿನವರು ಭತ್ತ ಹಚ್ಚಿದರು, ಕೊನೆಭಾಗದ ಹೊಲಗಳಿಗೆ ನೀರು ತಲುಪಲಿಲ್ಲ. ಕಾಲುವೆ ಇದ್ದೂ ಮಳೆಯನ್ನೇ ನಂಬಿದ ಊರುಗಳು ಇಂದಿಗೂ ಇವೆ. 2023ರ ಬರದಲ್ಲಿ ವಾರಾಬಂದಿ (ಸರದಿ) ನೀರಿಗಾಗಿ ರೈತರು ಬೀದಿಗಿಳಿಯಬೇಕಾಯಿತು.

ಗಂಜಿನ ಬಲ ಕುಗ್ಗಿದ್ದು ಒಮ್ಮೆಲೇ ಅಲ್ಲ. ಒಂದೊಂದೇ ವ್ಯಾಗನ್ ಬುಕ್ ಮಾಡುವ ಪದ್ಧತಿ ನಿಂತು, ಗೂಡ್ಸ್ ಷೆಡ್ಡಿನ ಗದ್ದಲ ಅಡಗಿತು. ಲಾರಿಗಳು ಹೊಲದ ಬದುವಿಗೇ ಬಂದವು. ಮೆಣಸಿನಕಾಯಿ ನೇರ ಬ್ಯಾಡಗಿಗೆ ಹೋಯಿತು. 2020ರ ಎಪಿಎಂಸಿ ತಿದ್ದುಪಡಿ ಪ್ರಾಂಗಣದ ಹೊರಗಿನ ಖರೀದಿಗೂ ದಾರಿ ಬಿಟ್ಟಿತು. ದರದ ಜೂಜು ಮಾತ್ರ ನಿಲ್ಲಲಿಲ್ಲ. 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದೇ ತಡ, ಎಲ್ಲರೂ ತೊಗರಿ ಬಿತ್ತಿದರು. ಮರುವರ್ಷದ ಸುಗ್ಗಿಯಲ್ಲಿ ದರ ಕ್ವಿಂಟಲಿಗೆ 5,050 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2022ರಲ್ಲಿ ಹತ್ತಿ ಕ್ವಿಂಟಲಿಗೆ 10,000 ದಾಟಿದಾಗ ಶಹಾಪುರದಲ್ಲಿ ಹೊಸ ಬೈಕುಗಳು ಓಡಾಡಿದವು. ಮರುವರ್ಷ ದರ ಇಳಿಯಿತು, ಬೈಕಿನ ಕಂತು ಉಳಿಯಿತು.

2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು. ಡಿಸಿ ಕಚೇರಿ ಬಂತು, ಮೆಡಿಕಲ್ ಕಾಲೇಜು ಬಂತು, ಸೈಟುಗಳ ಬೆಲೆ ಏರಿತು. ಸಂವಿಧಾನದ 371ಜೆ ಕಲಮಿನಿಂದ ನಮ್ಮ ಮಕ್ಕಳಿಗೆ ನೌಕರಿ, ಸೀಟು ಸಿಕ್ಕವು. ಕಡೇಚೂರಿನಲ್ಲಿ ಸಾವಿರಾರು ಎಕರೆ ಕೈಗಾರಿಕೆಗೆ ಹೋಯಿತು. ಅಲ್ಲಿಗೆ ಬಂದ ಔಷಧ, ರಾಸಾಯನಿಕ ಕಾರ್ಖಾನೆಗಳ ದುರ್ವಾಸನೆ ಬಗ್ಗೆ ಸುತ್ತಲಿನ ಹಳ್ಳಿಯವರು ದೂರುತ್ತಲೇ ಇದ್ದಾರೆ. ಆದರೆ ಹತ್ತಿ ಬೆಳೆಯುವ ಈ ನೆಲದಲ್ಲಿ ಹತ್ತಿಯನ್ನು ಬಟ್ಟೆ ಮಾಡುವ ದೊಡ್ಡ ಮಿಲ್ಲು ಇನ್ನೂ ಬಂದಿಲ್ಲ. 2023ರಲ್ಲಿ ಘೋಷಣೆಯಾದ ಕೇಂದ್ರದ ಜವಳಿ ಪಾರ್ಕ್ ಹೋದದ್ದು ಕಲಬುರಗಿಗೆ.

ಮೊದಲು ಈ ಸ್ಟೇಷನ್ನಿನಿಂದ ಬೇಲು ಹೋಗುತ್ತಿತ್ತು, ಈಗ ಜನ ಹೋಗುತ್ತಾರೆ. ಸುಗ್ಗಿ ಮುಗಿದ ಮೇಲೆ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಹಾಸಿಗೆ, ಪಾತ್ರೆ, ಕೂಸು ಸಮೇತ ಗುಳೆ ಹೊರಟವರಿಗೆ ಕಾಲಿಡಲು ಜಾಗ ಇರುವುದಿಲ್ಲ. ಬೆಂಗಳೂರಿನ ಕಟ್ಟಡಗಳಿಗೆ ಇವರೇ ಗಾರೆ ಹೊರುತ್ತಾರೆ.

ರೈಲು ಬಂದಾಗ, ಕಾಲುವೆ ಬಂದಾಗ, ಜಿಲ್ಲೆ ಆದಾಗ ಊರು ಬೆಳೆದದ್ದು ನಿಜ. ಆದರೆ ಪ್ರತಿ ಏರಿಕೆಯ ಲಾಭವೂ ಮಾಲಿನ ಸಂಗಡವೇ ಹೊರಗೆ ಹೋಯಿತು, ಇಳಿಕೆಯ ಸಾಲ ಮಾತ್ರ ಇಲ್ಲಿ ಉಳಿಯಿತು. ಕಾಲುವೆಯ ಕೊನೆಯ ಹೊಲಕ್ಕೆ ನೀರು, ನಮ್ಮ ಹತ್ತಿಗೆ ನಮ್ಮಲ್ಲೇ ಮಿಲ್ಲು: ಇವೆರಡು ಆಗುವವರೆಗೆ ಗುಳೆ ನಿಲ್ಲದು. ಓಟು ಕೇಳಲು ಬರುವವರ ಮುಂದೆ ಇಡಬೇಕಾದ ಪ್ರಶ್ನೆಗಳೂ ಇವೇ ಎರಡು.