ಚರಂಡಿಯ ಮೇಲಿನ ಚಪ್ಪಡಿ

ನಮ್ಮ ಹೊನ್ನೂರಿನಲ್ಲಿ ಒಂದೇ ಸುಗ್ಗಿಯಲ್ಲಿ ಇಬ್ಬರಿಗೆ ಲಕ್ವ ಹೊಡೆಯಿತು. ಒಬ್ಬರು ನಮ್ಮ ದೊಡ್ಡಪ್ಪ. ಇನ್ನೊಬ್ಬಾಕೆ ಹಿಂದಲ ಬೀದಿಯವಳು, ನಮ್ಮ ಗದ್ದೆಗೆ ನಾಟಿಗೂ ಕಳೆಗೂ ಬರುತ್ತಿದ್ದವಳು, ನಮಗೆಲ್ಲ ಅಕ್ಕ.

ದೊಡ್ಡಪ್ಪ ಕೊಟ್ಟಿಗೆಯಲ್ಲಿದ್ದಾಗ ಎಡಗೈ ಜೋತುಬಿತ್ತು, ಬಾಯಿ ಸೊಟ್ಟಗಾಯಿತು. ಮನೆಯಲ್ಲಿ ಕಾರಿತ್ತು. ಮೈಸೂರಿನಲ್ಲಿ ಓದುತ್ತಿದ್ದ ಮೊಮ್ಮಗ ಫೋನಿನಲ್ಲೇ ಕೂಗಿದ: "ಎಲ್ಲೂ ನಿಲ್ಲಿಸಬ್ಯಾಡಿ, ಸೀದಾ ಸ್ಕ್ಯಾನ್ ಇರೋ ಆಸ್ಪತ್ರೆಗೆ ತಾತನ್ನ ಕರ್ಕೊಂಡ್ ಬನ್ನಿ." ಮೆದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು 4.5 ಗಂಟೆಯೊಳಗೆ ಕೊಡಬೇಕು. ನಾಳ ಒಡೆದಿದ್ದರೆ ಅದೇ ಇಂಜೆಕ್ಷನ್ ಜೀವಕ್ಕೆ ಅಪಾಯ, ಅದಕ್ಕೇ ಮೊದಲು ಸಿ.ಟಿ. ಸ್ಕ್ಯಾನ್. ದೊಡ್ಡಪ್ಪ ಹೊತ್ತಿಗೆ ಸರಿಯಾಗಿ ತಲುಪಿದರು.

ಅಕ್ಕನಿಗೆ ರಾತ್ರಿ ಮಲಗಿದ್ದಾಗಲೇ ಬಲಭಾಗ ಬಿದ್ದುಹೋಗಿತ್ತು. ಮನೆಯವರು ಗಾಳಿ ಸೋಕಿದೆ ಅಂದರು, ಪಾರಿವಾಳದ ರಕ್ತ ತಿಕ್ಕಿದರು. ಅವರನ್ನು ಬಯ್ಯಲು ನನಗೆ ಮನಸ್ಸಾಗದು. ದುಡ್ಡಿಲ್ಲದವರು ಕೈಗೆ ಸಿಗುವ ಔಷಧಿಯನ್ನೇ ನಂಬುತ್ತಾರೆ. 108ಕ್ಕೆ ಫೋನು ಮಾಡಿದ್ದು ಮಾರನೆಯ ದಿನ.

ಆದರೆ ನಾನು ಹೇಳಹೊರಟಿದ್ದು ಆಸ್ಪತ್ರೆಯ ಕಥೆಯಲ್ಲ, ಮನೆಗೆ ಬಂದಮೇಲಿನದು. ದೊಡ್ಡಪ್ಪನಿಗೆ ರಸ್ತೆಗೆ ಮುಖಮಾಡಿದ ಅಗಲವಾದ ಜಗಲಿಯಿತ್ತು. ಹೋಗುವವರು ಬರುವವರು ಕೂತು ಮಾತಾಡಿಸುತ್ತಿದ್ದರು. ಕೈಕಾಲು ಆಡಿಸಲು ಯಳಂದೂರಿನಿಂದ ಒಬ್ಬರು ಬಂದು ಹೋಗುತ್ತಿದ್ದರು. ಕೈ ಪೂರ್ತಿ ಬರಲಿಲ್ಲ, ಬದುಕು ಮಾತ್ರ ಹೆಚ್ಚುಕಡಿಮೆ ಮೊದಲಿನಂತೆಯೇ ನಡೆಯಿತು.

ಅಕ್ಕನ ಮನೆಯ ಹೊಸ್ತಿಲು ಎತ್ತರ. ಅದನ್ನು ದಾಟಿದರೆ ಚರಂಡಿ, ಅದರ ಮೇಲೆ ಕಾಲಿಟ್ಟರೆ ಅಲುಗಾಡುವ ಒಂದು ಕಿರಿದಾದ ಚಪ್ಪಡಿ. ಕಕ್ಕಸು ಹಿತ್ತಿಲಲ್ಲಿ, ಕುಕ್ಕರಗಾಲಲ್ಲಿ ಕೂರುವಂಥದು. ಸೊಸೆ ಕೂಲಿಗೆ ಹೋದರೆ ಸಂಜೆಯವರೆಗೂ ಒಬ್ಬಳೇ. ಒಂದು ದಿನ ನೀರು ಕೊಡಲು ಹೋದರೆ ತುಟಿ ಬಿಗಿಹಿಡಿದು ಮುಖ ತಿರುಗಿಸಿದಳು. ಆಮೇಲೆ ಸೊಸೆ ಹೇಳಿದಳು: "ನೀರು ಕುಡುದ್ರ ಹಿತ್ತಿಲಿಗೆ ಯಾರು ಕರ್ಕೊಂಡ್ ಹೋದಾರು ಅಂತ, ಬೆಳಗಿಂದ ಒಂದು ಗುಟುಕೂ ಮುಟ್ಟಲ್ಲ."

ಬಲಗೈಯೊಂದಿಗೆ ಕುಡುಗೋಲೂ ಕೂಲಿಯೂ ಹೋದವು, ಮಾತೂ ಹೋಯಿತು. ಮಾತಿನ ಜಾಗ ಬಹುಪಾಲು ಜನರಿಗೆ ಮೆದುಳಿನ ಎಡಭಾಗದಲ್ಲಿರುವುದರಿಂದ, ಬಲಭಾಗ ಬಿದ್ದವರಲ್ಲಿ ಅನೇಕರಿಗೆ ಮಾತೂ ಹೋಗುತ್ತದೆ. ಬುದ್ಧಿ ಹೋಗಿರುವುದಿಲ್ಲ. ಬೀದಿಯವರು ಮಾತ್ರ ಬುದ್ಧಿಯೇ ಕೆಟ್ಟಿದೆ ಎಂದುಕೊಂಡು ಆಕೆಯೆದುರಿಗೇ ಆಕೆಯ ಸಾವಿನ ಮಾತಾಡುತ್ತಿದ್ದರು. ಬಿ.ಪಿ. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತಿತ್ತು. ತರುವುದಕ್ಕೆ ಮನೆಯಲ್ಲೊಬ್ಬರು ಒಂದು ದಿನದ ಕೂಲಿ ಬಿಡಬೇಕಿತ್ತು.

ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತ ಬಂದದ್ದು ಅಂಗವಿಕಲರ ವೇತನದ ಅರ್ಜಿ ಬರೆಸಲು. ತಾನೂ ಕಾಲೆಳೆದು ನಡೆಯುವವನಾದ್ದರಿಂದ ಅವನ ಕಣ್ಣು ಮೊದಲು ಆ ಚಪ್ಪಡಿಯ ಮೇಲೆ ಬಿತ್ತು. "ವೇತನ ಆಮೇಲ ಬಂದದು, ಮೊದಲು ಇದ ಸರಿಮಾಡ್ರಪ್ಪ" ಅಂದ. ಬೀದಿಯ ಹುಡುಗರು ಅಗಲವಾದ ಚಪ್ಪಡಿ ಹಾಸಿ, ಎಡಗೈಗೆ ಸಿಗುವಂತೆ ಒಂದು ಕಬ್ಬಿಣದ ಪೈಪು ನೆಟ್ಟರು. ಹಳೆಯ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಕಕ್ಕಸಿನಲ್ಲಿಟ್ಟರು.

ಅಕ್ಕ ಮೆಲ್ಲಮೆಲ್ಲಗೆ ಹೊರಗೆ ಬಂದಳು. ಹೆಂಗಸರು ಅವರೆಕಾಯಿ ಸುಲಿಯುವ ಕಡೆ ಕೂತು, ಎಡಗೈಯಲ್ಲೇ ಕಾಯಿ ಹಿಡಿದು ಹಲ್ಲಿನಿಂದ ಸಿಪ್ಪೆ ಬಿಡಿಸುತ್ತಿದ್ದಳು. ಒಂದು ಮೇಕೆ ಬಂದು ಮೊರಕ್ಕೆ ಬಾಯಿ ಹಾಕಿತು. "ಥೂ, ಮುಂಡೇದೆ!" ಎಂದಳು ಅಕ್ಕ, ಸ್ಪಷ್ಟವಾಗಿ. ಹೆಂಗಸರೆಲ್ಲ ಬೆರಗಾದರು. ಹೀಗಾಗುವುದುಂಟು; ಬೇಕೆಂದ ಮಾತು ಬಾರದಿದ್ದರೂ ನಾಲಿಗೆಗೆ ರೂಢಿಯಾದ ಬೈಗುಳ, ಎಣಿಕೆ, ಹಾಡು ಕೆಲವರಲ್ಲಿ ಉಳಿದಿರುತ್ತವೆ. ಅಂದಿನಿಂದ ಆಕೆಯೆದುರು ಯಾರೂ ಸಾವಿನ ಮಾತೆತ್ತಲಿಲ್ಲ. ಮಾತ್ರೆ ತರುವ ಸರದಿಯನ್ನೂ ಹೆಂಗಸರೇ ಹಂಚಿಕೊಂಡರು. ಯಳಂದೂರಿಗೆ ಯಾರೇ ಹೋದರೂ ಆಕೆಯ ಚೀಟಿ ಕೇಳಿಕೊಂಡೇ ಬಸ್ಸು ಹತ್ತುತ್ತಿದ್ದರು.